ಘಟ್ಟಕ್ಕೂ ಕರಾವಳಿಗೂ ಒಂದೇ ಜೋಡಿ: ನಿಂಜಾ 650ರ ಟೈರ್ ಬದಲಾವಣೆ

ಗಾಡಿ ಕವಾಸಾಕಿ ನಿಂಜಾ 650. ಓಡಾಟ ಕಾರವಾರದಿಂದ ಕುಮಟಾದವರೆಗೆ ಹೆದ್ದಾರಿ 66ರಲ್ಲಿ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ. ಮರಳುವಾಗ ಹೆಚ್ಚಾಗಿ ಯಲ್ಲಾಪುರದ ಮೇಲಿಂದ ಅರಬೈಲ್ ಘಟ್ಟ ಇಳಿದು ಅಂಕೋಲಾ. ಎರಡೂ ಟೈರ್ ಬದಲಿಸಿದ್ದು ಮೇ ತಿಂಗಳಲ್ಲಿ. ಹೊಸ ಟೈರಿನ ನುಣುಪು ಒಣ ರಸ್ತೆಯಲ್ಲೇ ಸವೆದು ಹೋಗಬೇಕು, ಜೂನ್ ಮಳೆ ಹಿಡಿದ ಮೇಲೆ ಆ ಕೆಲಸ ಮಾಡುವುದು ಅಪಾಯ.

ಹಳೆಯ ಟೈರಿನ ಅಳತೆ

ಡೆಪ್ತ್ ಗೇಜ್ ಇಟ್ಟು ನೋಡಿದಾಗ ಹಿಂದಿನ ಟೈರಿನ ನಡುವೆ ಗೀರು, ಅಂದರೆ ಟ್ರೆಡ್ಡಿನ ಕಾಲುವೆ, 1.6 ಮಿ.ಮೀ. ಆಳ ಉಳಿದಿತ್ತು, ಅಂಚಿನಲ್ಲಿ 4 ಮಿ.ಮೀ. ಹೆದ್ದಾರಿಯ ನೇರ ಓಟಕ್ಕೆ ನಡುಭಾಗ ಚಪ್ಪಟೆಯಾಗಿತ್ತು. ಹೀಗಾದ ಟೈರ್ ತಿರುವಿನಲ್ಲಿ ಒಂದೇ ಸಮನೆ ವಾಲುವುದಿಲ್ಲ. ಚಪ್ಪಟೆ ಜಾಗದ ಏಣು ದಾಟುವವರೆಗೆ ಹ್ಯಾಂಡಲ್ ಭಾರ, ದಾಟಿದೊಡನೆ ಗಾಡಿ ತಟ್ಟನೆ ಮಲಗುತ್ತದೆ. ದೇವಿಮನೆಯ ಒಂದರ ಬೆನ್ನಿಗೊಂದು ಬರುವ ತಿರುವುಗಳಲ್ಲಿ ಇದು ತುಂಬ ತೊಂದರೆ ಕೊಡುತ್ತದೆ. ಮುಂದಿನ ಟೈರಿನ ನಡುವೆ 2.5 ಮಿ.ಮೀ. ಇತ್ತು. ಆದರೆ ಗೀರುಗಳ ಒಂದು ಅಂಚು ಎತ್ತರ, ಇನ್ನೊಂದು ತಗ್ಗು. ಕೈಯಾಡಿಸಿದರೆ ಗರಗಸದ ಹಲ್ಲು ಮುಟ್ಟಿದ ಹಾಗೆ. ಇದಕ್ಕೆ ಕಾರಣ ಘಟ್ಟ ಇಳಿಯುವಾಗಿನ ಮುಂದಿನ ಬ್ರೇಕು, ಗಾಳಿ ಕಡಿಮೆ ಇಟ್ಟು ಓಡಿಸಿದರೆ ಅದು ಇನ್ನೂ ಹೆಚ್ಚುತ್ತದೆ.

ಕಾನೂನಿನ ಪ್ರಕಾರ ದ್ವಿಚಕ್ರ ವಾಹನಕ್ಕೆ 0.8 ಮಿ.ಮೀ. ಗೀರು ಇದ್ದರೆ ಸಾಕು. ಕವಾಸಾಕಿ ತನ್ನ ಕೈಪಿಡಿಯಲ್ಲಿ ಮುಂದಿನದಕ್ಕೆ 1 ಮಿ.ಮೀ., ಹಿಂದಿನದಕ್ಕೆ 130 ಕಿ.ಮೀ. ವೇಗದೊಳಗೆ 2 ಮಿ.ಮೀ., ಅದಕ್ಕೂ ಮೇಲಾದರೆ 3 ಮಿ.ಮೀ. ಎನ್ನುತ್ತದೆ. ನಮ್ಮ ಮಳೆಗೆ 2 ಮಿ.ಮೀ. ಕೊನೆಯ ಗೆರೆ ಎಂದೇ ಇಟ್ಟುಕೊಳ್ಳಬೇಕು. ಗೀರಿನ ಕೆಲಸ ಟೈರಿನಡಿಯ ನೀರನ್ನು ಪಕ್ಕಕ್ಕೆ ತಳ್ಳುವುದು. ಆಳ ಅರ್ಧವಾದರೆ ತಳ್ಳುವ ನೀರೂ ಅರ್ಧವಾಗುತ್ತದೆ. ಹೆದ್ದಾರಿಯ ಚಕ್ರದ ಜಾಡಿನಲ್ಲಿ ಜುಲೈ ತಿಂಗಳಲ್ಲಿ ನಿಲ್ಲುವ ನೀರು ಅರ್ಧವಾಗುವುದಿಲ್ಲ.

ಮುಂದಿನದರಲ್ಲಿ ಇನ್ನೂ ಗೀರು ಇದೆಯಲ್ಲ, ಹಿಂದಿನದನ್ನಷ್ಟೇ ಬದಲಿಸಿದರಾಯಿತು ಎನ್ನುವ ಮಾತು ಬರುತ್ತದೆ. ಹಿಂದಿನ ಟೈರ್ ಬೇಗ ಸವೆಯುವುದು ಸಹಜ. ಮುಂದಿನದು ಸಮನಾಗಿ ಸವೆದಿದ್ದು, ಅದೇ ಮಾದರಿಯ ಹಿಂದಿನ ಟೈರ್ ಸಿಗುವಂತಿದ್ದರೆ ಹಾಗೆ ಮಾಡಬಹುದು. ಗರಗಸದಂತೆ ಸವೆದದ್ದನ್ನು ಮಾತ್ರ ಉಳಿಸಬಾರದು. ಒದ್ದೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಗಾಡಿಯ ಭಾರದ ಬಹುಪಾಲು ಮುಂದಿನ ಟೈರಿನ ಮೇಲೇ ಬೀಳುತ್ತದೆ.

ಜಾರುವುದು ಯಾವುದರಿಂದ

ಟೈರ್ ಆಯ್ಕೆಯ ಮಾತು ಬಂದರೆ ಎಲ್ಲರೂ ಗೀರಿನ ಚಿತ್ತಾರವನ್ನೇ ನೋಡುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒದ್ದೆ ರಸ್ತೆ ಎಂದರೆ ಒಂದೇ ಬಗೆಯಲ್ಲ, ಬಗೆ ಬಗೆಗೂ ಮದ್ದು ಬೇರೆ. ಇದನ್ನು ಬಿಡಿಸಿಕೊಂಡರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ನಿಂತ ನೀರು. ಇದಕ್ಕೆ ಬೇಕಾದದ್ದು ಆಳವಾದ ಗೀರು, ಸರಿಯಾದ ಗಾಳಿ. ಬೈಕಿನ ಟೈರ್ ಉಬ್ಬಾಗಿರುವುದರಿಂದ ಕಾರಿನಷ್ಟು ಬೇಗ ನೀರಿನ ಮೇಲೆ ತೇಲುವುದಿಲ್ಲ. ಗಾಳಿ ಇಳಿದರೆ ಆ ಅನುಕೂಲ ಹೋಗುತ್ತದೆ, ಗೀರುಗಳು ಒತ್ತಿಕೊಂಡು ಮುಚ್ಚುತ್ತವೆ. ಮಳೆಗಾಲದಲ್ಲಿ ಹಿಡಿತ ಹೆಚ್ಚಲಿ ಎಂದು ಗಾಳಿ ಇಳಿಸುವವರು ಮಾಡುವುದು ಸರಿಯಾಗಿ ಇದರ ಉಲ್ಟಾ ಕೆಲಸ.

ಎರಡನೆಯದು ತೆಳು ಜಿಗುಟು ಪದರ: ಮೀನಿನ ಲಾರಿಗಳಿಂದ ಸೋರಿದ ನೀರು, ಘಟ್ಟದ ನೆರಳಿನಲ್ಲಿ ಡಾಂಬರಿನ ಮೇಲೇ ಹಬ್ಬುವ ಹಾವಸೆ, ರಸ್ತೆಯ ಬಿಳಿ ಬಣ್ಣ, ಕಾಳಿ ಮತ್ತು ಶರಾವತಿ ಸೇತುವೆಗಳ ಕಬ್ಬಿಣದ ಸಂದುಪಟ್ಟಿ. ಇಲ್ಲಿ ತಳ್ಳಿ ಹಾಕುವಷ್ಟು ನೀರೇ ಇಲ್ಲ, ಗೀರು ಎಷ್ಟಿದ್ದರೂ ಉಪಯೋಗವಿಲ್ಲ. ತಣ್ಣಗಿರುವಾಗಲೂ ಮೆದುವಾಗಿದ್ದು ರಸ್ತೆಯ ಸಣ್ಣ ಉಬ್ಬುತಗ್ಗಿನೊಳಗೆ ಇಳಿಯುವ ರಬ್ಬರ್ ಬೇಕು. ಸಿಲಿಕಾ ಬೆರೆಸಿದ ರಬ್ಬರಿನ ಗುಣವೇ ಅದು. ಸ್ಪೋರ್ಟ್ ಟೈರುಗಳು ಬಿಸಿಯೇರಿದ ಮೇಲೆ ಗಟ್ಟಿಯಾಗಿ ಹಿಡಿಯುತ್ತವೆ ನಿಜ, ಆದರೆ ಸುರಿವ ಮಳೆಯಲ್ಲಿ ದೇವಿಮನೆ ಹತ್ತುವಾಗ ಟೈರ್ ಬಿಸಿಯೇರುವುದೇ ಇಲ್ಲ. ಕಾಲಿಡುವ ಕ್ಷಣದಿಂದಲೇ ಹಿಡಿಯಬೇಕಾದ್ದರಿಂದ ಇಲ್ಲಿಗೆ ಸ್ಪೋರ್ಟ್ ಟೂರಿಂಗ್ ವರ್ಗದ ಟೈರೇ ಸರಿ, ಚಿತ್ರದಲ್ಲಿ ಚೆಂದ ಕಾಣುವ ಸ್ಪೋರ್ಟ್ ಟೈರಲ್ಲ.

ಮೂರನೆಯದು ಚಿರೇಕಲ್ಲಿನ ಕೆಂಪು ರಾಡಿ, ಅದರ ಮೇಲೆ ಕೊಳೆತ ದರಕು, ಅಂದರೆ ತರಗೆಲೆ. ಗುಡ್ಡ ಕಡಿದು ರಸ್ತೆ ಅಗಲ ಮಾಡಿದ ಕಡೆಯೆಲ್ಲ ಮಳೆಗೆ ಇದು ಹರಿದು ಬರುತ್ತದೆ. ಇದಕ್ಕೆ ಡಾಂಬರು ರಸ್ತೆಯ ಯಾವ ಟೈರೂ ಮದ್ದಲ್ಲ. ವೇಗ ಇಳಿಸಿ, ಗಾಡಿ ನೆಟ್ಟಗಿಟ್ಟು, ಬ್ರೇಕು ಮುಟ್ಟದೆ ದಾಟುವುದೊಂದೇ ದಾರಿ. ರಾಡಿಯ ಹೆದರಿಕೆಗೆ ದಪ್ಪ ಗಂಟು ಗಂಟು ಟ್ರೆಡ್ಡಿನ ಆಫ್‌ರೋಡ್ ಟೈರ್ ಹಾಕಿಸಿದರೆ ಉಳಿದೆಲ್ಲ ದೂರವೂ ಒದ್ದೆ ಡಾಂಬರಿನಲ್ಲಿ ಹಿಡಿತ ಕಳೆದುಕೊಂಡಂತೆ.

ಅಳತೆ ಮತ್ತು ಅಕ್ಷರಗಳು

ಮುಂದೆ 120/70 ಝಡ್‌ಆರ್17 58ಡಬ್ಲ್ಯು, ಹಿಂದೆ 160/60 ಝಡ್‌ಆರ್17 69ಡಬ್ಲ್ಯು. ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಬದಿಯ ಎತ್ತರ ಎಂಬುದು, 17 ಎಂದರೆ ರಿಮ್ಮಿನ ವ್ಯಾಸ ಇಂಚಿನಲ್ಲಿ. 58 ಎಂದರೆ ಟೈರ್ ಹೊರುವ ಭಾರ 236 ಕಿಲೋ, 69 ಎಂದರೆ 325 ಕಿಲೋ. ಡಬ್ಲ್ಯು ಎಂದರೆ ಗಂಟೆಗೆ 270 ಕಿ.ಮೀ. ಆರ್ ಎಂಬುದು ರೇಡಿಯಲ್, ಅಂದರೆ ಒಳಗಿನ ನೂಲು ನೇರ ಅಡ್ಡಕ್ಕೆ ಹಾದಿರುವ ಟೈರ್; ನೂಲು ಓರೆಯಾಗಿದ್ದರೆ ಅದು ಬಯಾಸ್. ಭಾರದ ಅಂಕಿ, ವೇಗದ ಅಕ್ಷರ ಎರಡೂ ಇದಕ್ಕೆ ಸಮ ಅಥವಾ ಮೇಲಿರಲಿ. ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಬಯಾಸ್ ಬೆರೆಸಬೇಡಿ.

ಹಿಂದೆ 180 ಹಾಕಿಸಿಕೊಂಡರೆ ದಪ್ಪ ಕಾಣುತ್ತದೆ ಎಂಬ ಆಸೆ ಬಹಳ ಜನರಿಗಿದೆ. ಈ ಗಾಡಿಯ ಹಿಂದಿನ ರಿಮ್ 4.5 ಇಂಚು ಅಗಲದ್ದು, 180/55 ಟೈರ್ ಮಾಡಿರುವುದು 5.5 ಇಂಚಿನ ರಿಮ್ಮಿಗೆ. ಕಿರಿದಾದ ರಿಮ್ ಎರಡೂ ಬದಿಯಿಂದ ಒತ್ತಿದಾಗ ಟೈರಿನ ನೆತ್ತಿ ಚೂಪಾಗುತ್ತದೆ. ನೇರ ಓಟದಲ್ಲಿ ನೆಲ ಮುಟ್ಟುವ ಜಾಗ ಕಿರಿದಾಗುತ್ತದೆ, ನಡುಭಾಗ ಇನ್ನೂ ಬೇಗ ಸವೆಯುತ್ತದೆ, ಅಂಚು ನೆಲಕ್ಕೆ ತಾಗುವುದೇ ಇಲ್ಲ. ಚೈನ್ ಕಡೆಯ ಜಾಗವೂ ಇಕ್ಕಟ್ಟು. ದುಡ್ಡು ಕೊಟ್ಟು ಹಿಡಿತ ಕಡಿಮೆ ಮಾಡಿಕೊಳ್ಳುವ ಕೆಲಸ ಇದು. ನಿಂಜಾ 1000ದಂಥ ದೊಡ್ಡ ಗಾಡಿಗಳಲ್ಲಿ 190/50 ಬದಲು 190/55 ಹಾಕುವವರೂ ಲೆಕ್ಕ ಮಾಡಿ ನೋಡಲಿ: ಹೊರವ್ಯಾಸ ಸುಮಾರು 622ರಿಂದ 641 ಮಿ.ಮೀ.ಗೆ ಏರುತ್ತದೆ, ಗಾಡಿಯ ಹಿಂಭಾಗ 9.5 ಮಿ.ಮೀ. ಮೇಲೇಳುತ್ತದೆ. ಚಕ್ರದ ವೇಗ ಅಳೆಯುವ ಎಬಿಎಸ್, ಟ್ರಾಕ್ಷನ್ ಕಂಟ್ರೋಲುಗಳಿಗೆ ಹಿಂದಿನ ಮುಂದಿನ ಅನುಪಾತ ಶೇ. 3ರಷ್ಟು ಬದಲಾದಂತೆ ಕಾಣುತ್ತದೆ.

ಯಾವುದು

ವಿದೇಶಿ ಟೈರುಗಳ ಆಮದನ್ನು ಕೇಂದ್ರ ಸರಕಾರ 2020ರ ಜೂನ್‌ನಲ್ಲಿ ನಿರ್ಬಂಧಿತ ಪಟ್ಟಿಗೆ ಸೇರಿಸಿದೆ. ಹಾಗಾಗಿ ಬೇಕಾದ ಮಾದರಿ, ಬೇಕಾದ ಅಳತೆ, ಎರಡೂ ಚಕ್ರಕ್ಕೆ ಒಟ್ಟಿಗೆ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಮುಂದಿನದೊಂದು ಮಾದರಿ, ಹಿಂದಿನದೊಂದು ಮಾದರಿ ಮಾಡಿಕೊಂಡರೆ ಎರಡರ ಉಬ್ಬು ಹೊಂದುವುದಿಲ್ಲ. ಒಂದು ವಾಲಿದಷ್ಟು ಇನ್ನೊಂದು ವಾಲದೆ ತಿರುವಿನಲ್ಲಿ ಗಾಡಿ ತೊಡರುತ್ತದೆ.

ಮುಂದಿಟ್ಟುಕೊಂಡು ನೋಡಿದ್ದು ಮಿಶೆಲಿನ್ ರೋಡ್ 5, ಪಿರೆಲ್ಲಿ ಏಂಜೆಲ್ ಜಿಟಿ 2, ಮೆಟ್ಜೆಲರ್ ರೋಡ್‌ಟೆಕ್ 01, ನಮ್ಮ ದೇಶದ್ದೇ ಆದ ಯೂರೋಗ್ರಿಪ್ ರೋಡ್‌ಹೌಂಡ್. ನಾಲ್ಕೂ ಸ್ಪೋರ್ಟ್ ಟೂರಿಂಗ್ ರೇಡಿಯಲ್‌ಗಳು. ಏಂಜೆಲ್ ಜಿಟಿ 2ರ ನಡುವೆ ಸುತ್ತಲೂ ಓಡುವ ಎರಡು ಉದ್ದ ಗೀರುಗಳಿವೆ, ನಿಂತ ನೀರಿನಲ್ಲಿ ಇದು ದೊಡ್ಡ ಬಲ. ರೋಡ್‌ಟೆಕ್‌ನಲ್ಲಿ ಅಡ್ಡ ಗೀರುಗಳು ಹೆಚ್ಚು. ರೋಡ್‌ಹೌಂಡ್ ಆಮದು ಟೈರಿಗಿಂತ ಅಗ್ಗ. ವರ್ಷದ ಬಹುಪಾಲು ಓಟ ಹೆದ್ದಾರಿಯಲ್ಲೇ ಆಗಿ ಬೇಗ ಬೇಗ ಹಿಂದಿನ ಟೈರ್ ಬದಲಿಸುವವರು ಅದನ್ನು ಧೈರ್ಯವಾಗಿ ನೋಡಬಹುದು. ಸವೆದು ಬೋಳಾದ ದುಬಾರಿ ಟೈರಿಗಿಂತ ಹೊಸದಾದ ಅಗ್ಗದ ಟೈರ್ ಮಳೆಯಲ್ಲಿ ಎಷ್ಟೋ ಮೇಲು.

ಈ ಗಾಡಿಗೆ ತೆಗೆದುಕೊಂಡದ್ದು ರೋಡ್ 5. ಕಾರಣ ಅದರ ಸೀಳುಗಳ, ಅಂದರೆ ಟ್ರೆಡ್ಡಿನ ತೆಳು ಗೀರುಗಳ, ಆಕಾರ. 2018ರಲ್ಲಿ ಬಂದ ಈ ಟೈರಿನ ಸೀಳು ಮೇಲೆ ಕಿರಿದು, ಒಳಗೆ ಹೋದಂತೆ ಅಗಲ. ಅಂಥ ಅಚ್ಚನ್ನು ಲೋಹದ ತ್ರೀಡಿ ಮುದ್ರಣದಿಂದ ಮಾಡುತ್ತಾರೆ. ಸಾಮಾನ್ಯ ಟೈರ್ ಸವೆದಂತೆ ಗೀರು ಕಿರಿದಾಗುತ್ತ ಬಂದರೆ ಇದರಲ್ಲಿ ಅಗಲವಾಗುತ್ತ ಹೋಗುತ್ತದೆ. 5,000 ಕಿ.ಮೀ. ಮೀರಿ ಓಡಿದ ರೋಡ್ 5 ಒದ್ದೆ ನೆಲದಲ್ಲಿ ಅದರ ಹಿಂದಿನ ಮಾದರಿಯಾದ ಪೈಲಟ್ ರೋಡ್ 4 ಹೊಸದಾಗಿದ್ದಾಗ ನಿಲ್ಲುವಷ್ಟೇ ದೂರದಲ್ಲಿ ನಿಲ್ಲುತ್ತದೆ ಎಂಬುದು ಕಂಪನಿಯ ಮಾತು. ಅದನ್ನು ಅಷ್ಟಕ್ಕಷ್ಟೇ ನಂಬಬೇಕಿಲ್ಲ, ಆದರೆ ಸೀಳಿನ ಆಕಾರ ಕಣ್ಣಿಗೆ ಕಾಣುವಂಥದ್ದು. ಎರಡನೆಯ ಮಳೆಗಾಲಕ್ಕೆ ಅರ್ಧ ಸವೆದ ಟೈರಿನಲ್ಲೇ ಹೋಗಬೇಕಾದ ಊರಿನವರಿಗೆ ಇದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿಲ್ಲ.

ದುಡ್ಡು ಕೊಡುವ ಮುಂಚೆ ಟೈರಿನ ಬದಿಯ ನಾಲ್ಕು ಅಂಕಿಯ ಫೋಟೋ ತರಿಸಿಕೊಳ್ಳಿ. 3525 ಎಂದಿದ್ದರೆ 2025ರ 35ನೇ ವಾರ ತಯಾರಾದದ್ದು. ಎರಡು ವರ್ಷದೊಳಗಿನದಾದರೆ ಸರಿ. ಅದಕ್ಕೂ ಹಳೆಯದಾದರೆ ಎಲ್ಲಿ ಹೇಗೆ ಇಟ್ಟಿದ್ದರು ಎಂಬುದರ ಮೇಲೆ ಹೋಗುತ್ತದೆ, ಅದು ನಮಗೆ ಗೊತ್ತಾಗುವುದಿಲ್ಲ. ಐಎಸ್‌ಐ ಗುರುತೂ ಇರಬೇಕು. ಹುಬ್ಬಳ್ಳಿ, ಬೆಂಗಳೂರಿನಿಂದ ಪಾರ್ಸೆಲ್ ತರಿಸಿದರೆ ಒಂದರೊಳಗೊಂದು ತುರುಕಿ ಹಗ್ಗ ಬಿಗಿದಿರುತ್ತಾರೆ, ಬೀಡ್, ಅಂದರೆ ರಿಮ್ಮಿಗೆ ಕಚ್ಚಿ ಕೂರುವ ಟೈರಿನ ಒಳ ಅಂಚು, ಎರಡೂ ಕಡೆಯಿಂದ ಒಳಗೆ ಮಡಚಿಕೊಂಡಿರುತ್ತದೆ. ಅಂಥ ಟೈರ್ ರಿಮ್ಮಿಗೆ ಕೂತರೂ ಗಾಳಿ ಹಿಡಿಯುವುದಿಲ್ಲ. ಬೀಡುಗಳ ನಡುವೆ ನಾಲ್ಕು ಕಡೆ ಮರದ ತುಂಡು ಕೊಟ್ಟು ಒಂದು ದಿನ ಬಿಸಿಲ ಕಾವಿರುವ ಜಾಗದಲ್ಲಿ ಇಟ್ಟರೆ ಅಗಲ ಮರಳುತ್ತದೆ.

ಚಕ್ರ ಬಿಚ್ಚುವುದು

ಗಾಡಿಯನ್ನೇ ಟೈರ್ ಅಂಗಡಿಗೆ ಒಯ್ಯುವ ಬದಲು ಚಕ್ರ ಬಿಚ್ಚಿ ಒಯ್ಯುವುದು ಒಳ್ಳೆಯದು. ಬೇರಿಂಗ್, ರಬ್ಬರ್, ಚೈನ್ ಎಲ್ಲವನ್ನೂ ನಿಧಾನವಾಗಿ ನೋಡಲು ಅವಕಾಶ ಸಿಗುತ್ತದೆ.

ಈ ಗಾಡಿಗೆ ನಡುಸ್ಟ್ಯಾಂಡ್ ಇಲ್ಲ. ಹಿಂದೆ ಪ್ಯಾಡಕ್ ಸ್ಟ್ಯಾಂಡ್, ಮುಂದೆ ಹ್ಯಾಂಡಲ್ ಕತ್ತಿನಿಂದ ಎತ್ತುವ ಸ್ಟ್ಯಾಂಡ್ ಬೇಕು. ಚಕ್ರ ಎತ್ತುವ ಮುಂಚೆ, ನೆಲದ ಮೇಲಿರುವಾಗಲೇ, ಹಿಂದಿನ ಸ್ಪ್ಲಿಟ್ ಪಿನ್ (ನಟ್ ತಿರುಗದಂತೆ ತಡೆಯುವ ಕಡ್ಡಿ) ತೆಗೆದು ಆಕ್ಸಲ್ ನಟ್ ಸಡಿಲಿಸಿ. ಎತ್ತಿದ ಮೇಲೆ ಹಿಂದಿನ ನಟ್ ಬಿಚ್ಚಿ, ಚೈನ್ ಅಡ್ಜಸ್ಟರುಗಳನ್ನು ಸಡಿಲಿಸಿ ಚಕ್ರವನ್ನು ಮುಂದಕ್ಕೆ ತಳ್ಳಿದರೆ ಚೈನ್ ಕಳಚುತ್ತದೆ. ಎಡ ಬಲದ ಕಾಲರುಗಳು ಒಂದೇ ಅಳತೆಯಲ್ಲ, ಯಾವುದು ಯಾವ ಕಡೆ ಎಂದು ಫೋಟೋ ತೆಗೆದಿಡಿ. ಮುಂದಿನ ಕ್ಯಾಲಿಪರುಗಳನ್ನು (ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕ್ ಭಾಗ) ಹೋಸಿನಲ್ಲಿ ಜೋತಾಡಲು ಬಿಡದೆ ದಾರದಿಂದ ಕಟ್ಟಿ, ಪ್ಯಾಡುಗಳ ನಡುವೆ ಮರದ ಚೂರು ಸಿಕ್ಕಿಸಿ. ಚಕ್ರ ಹೊರಗಿರುವಾಗ ಯಾರಾದರೂ ಬ್ರೇಕ್ ಹಿಡಿದರೆ ಪಿಸ್ಟನ್ ಹೊರಬರುತ್ತದೆ. ಎಬಿಎಸ್ ಸೆನ್ಸರಿನ ವೈರ್ ಎಳೆಯಬೇಡಿ. ಬಿಚ್ಚಿದ ಚಕ್ರವನ್ನು ಡಿಸ್ಕ್ ನೆಲಕ್ಕೆ ತಾಗುವಂತೆ ಮಲಗಿಸಬಾರದು, ಕೆಳಗೆ ಒಂದು ಹಳೆ ಟೈರ್ ಇರಲಿ.

ಬೇರಿಂಗಿನೊಳಗೆ ಬೆರಳಿಟ್ಟು ತಿರುಗಿಸಿ ನೋಡಿ. ಕಡಲ ಗಾಳಿಯಲ್ಲಿ ನಿಲ್ಲುವ ಗಾಡಿಯಲ್ಲಿ ಸೀಲಿನ ತುಟಿ ತುಕ್ಕು ಹಿಡಿದ ಕಾಲರಿಗೆ ಉಜ್ಜಿ ಸವೆಯುತ್ತದೆ, ಆಮೇಲೆ ನೀರು ಒಳಗೆ. ತಿರುಗುವಾಗ ಕಡಿತ ಅನ್ನಿಸಿದರೆ ಅಥವಾ ಅಲುಗಿದರೆ ಈಗಲೇ ಬದಲಿಸಿ. ಹಿಂದಿನ ಹಬ್ಬಿನೊಳಗಿನ ಡ್ಯಾಂಪರ್ ರಬ್ಬರುಗಳೂ ಸಡಿಲವಾಗಿರಬಾರದು.

ರಿಮ್ಮಿನ ಬಿಳಿ ಪುಡಿ

ಕರಾವಳಿಯಲ್ಲಿ ಟೈರ್ ಬದಲಾವಣೆ ಕೆಡುವುದು ಹೆಚ್ಚಾಗಿ ಇಲ್ಲೇ. ಹಳೆ ಟೈರ್ ತೆಗೆದಾಗ ಬೀಡ್ ಕೂರುವ ಜಾಗದಲ್ಲಿ ಬಿಳಿ ಪುಡಿ ಕಾಣುತ್ತದೆ. ಬಣ್ಣ ಎದ್ದ ಕಡೆ ಉಪ್ಪು ನೀರು ಸೇರಿ ಅಲ್ಯೂಮಿನಿಯಂ ತಿಂದ ಗುರುತು ಅದು. ಹೊಸ ಟೈರ್ ಅದರ ಮೇಲೇ ಕೂತರೆ ಕೆಲವೇ ವಾರಗಳಲ್ಲಿ ಗಾಳಿ ಇಳಿಯತೊಡಗುತ್ತದೆ. ಪಂಕ್ಚರ್ ಹುಡುಕಿದರೆ ಸಿಗುವುದಿಲ್ಲ, ಟೈರಿನ ಮೇಲೆ ಅಪವಾದ ಬರುತ್ತದೆ.

ಪುಡಿಯನ್ನು ಸ್ಕಾಚ್‌ಬ್ರೈಟ್ ಹಾಳೆಯಿಂದ ಸೋಪುನೀರಿನಲ್ಲಿ ಉಜ್ಜಿ. ಡ್ರಿಲ್ಲಿಗೆ ಹಾಕುವ ತಂತಿಬ್ರಶ್ ಬೇಡ, ಅದು ಲೋಹವನ್ನೇ ಕೊರೆಯುತ್ತದೆ. ತೊಳೆದು ಪೂರ್ತಿ ಒಣಗಿಸಿ, ಬಣ್ಣ ಹೋದಲ್ಲಿ ತೆಳುವಾಗಿ ಪ್ರೈಮರ್ ಮತ್ತು ಬಣ್ಣ ಕೊಟ್ಟು ಗಟ್ಟಿಯಾಗಲು ಬಿಡಿ. ಹಿಂದೆ ಯಾರಾದರೂ ಪಂಕ್ಚರ್ ತಡೆಯುವ ಜೆಲ್ ತುಂಬಿಸಿದ್ದರೆ ಒಳಗೆಲ್ಲ ಅಂಟಾಗಿರುತ್ತದೆ. ಅದನ್ನು ಕೆರೆದು ತೊಳೆಯದೆ ಬ್ಯಾಲೆನ್ಸ್ ಮಾಡಿ ಪ್ರಯೋಜನವಿಲ್ಲ. ವಾಲ್ವ್ ಪ್ರತಿ ಟೈರಿಗೂ ಹೊಸದು. ಬುಡ ಬಗ್ಗಿಸಿದಾಗ ರಬ್ಬರಿನಲ್ಲಿ ಬಿರುಕು ಕಂಡರೆ ಅದು ಓಡುವಾಗಲೇ ಕಿತ್ತು ಹೋಗಬಹುದು.

ಇನ್ನೊಂದು ಮಾತು, ಗಾಳಿ ತುಂಬುವ ಕಂಪ್ರೆಸರಿನ ಟ್ಯಾಂಕಿನಲ್ಲಿ ನಮ್ಮ ಹವೆಗೆ ಬೇಗ ನೀರು ಕೂಡುತ್ತದೆ. ತಳದ ತಿರುಪು ತೆಗೆದು ನೀರು ಬಿಡಿಸಿದ ಮೇಲೆ ಗಾಳಿ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಉಜ್ಜಿದ ರಿಮ್ಮಿಗೆ ಒಳಗಿಂದಲೇ ತೇವ.

ಕೂರಿಸುವುದು, ತೂಗುವುದು

ಅಂಗಡಿಯ ಮಷಿನ್ನಿಗೆ ಪ್ಲಾಸ್ಟಿಕ್ ತಲೆ, ರಿಮ್ ಅಂಚಿಗೆ ಕವಚ ಇದೆಯೇ ನೋಡಿ. ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಲಿ. ಬದಿಯಲ್ಲಿ ಬಣ್ಣದ ಚುಕ್ಕೆ ಇದ್ದರೆ ಅದು ಹಗುರ ಜಾಗ, ವಾಲ್ವಿನ ಪಕ್ಕದಲ್ಲೇ ಬರಲಿ. ಎಲ್ಲ ಕಂಪನಿಗಳೂ ಚುಕ್ಕೆ ಹಾಕುವುದಿಲ್ಲ. ಬೀಡಿಗೆ ಟೈರ್ ಸೋಪು ಮಾತ್ರ ಹಚ್ಚಿ, ಗ್ರೀಸು ಎಣ್ಣೆ ಬೇಡ. ಕೊನೆಯ ಗೇಣು ಬೀಡ್ ಹತ್ತದಿದ್ದರೆ ಜೋರು ಮಾಡಬೇಡಿ; ಎದುರು ಬದಿಯನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತಿದರೆ ಈ ಕಡೆ ಸಡಿಲ ಸಿಗುತ್ತದೆ. ಬಲವಂತ ಮಾಡಿದರೆ ಬೀಡಿನೊಳಗಿನ ತಂತಿ ತುಂಡಾಗುತ್ತದೆ, ಹೊರಗೆ ಗೊತ್ತಾಗುವುದಿಲ್ಲ.

ವಾಲ್ವಿನ ಸೂಜಿ ತೆಗೆದು ಗಾಳಿ ತುಂಬಿದರೆ ಬೀಡ್ ಎರಡು ಸಲ ಪಟ್ ಎಂದು ಕೂರುತ್ತದೆ. 40ರಿಂದ 50 ಪಿಎಸ್‌ಐ ಒಳಗೆ ಕೂರಬೇಕು. ಕೂರದಿದ್ದರೆ ಗಾಳಿ ಏರಿಸುತ್ತ ಹೋಗದೆ ಇಳಿಸಿ, ಮತ್ತೆ ಸೋಪು ಹಚ್ಚಿ. ಆಮೇಲೆ ಟೈರಿನ ಬದಿಯ ಸಣ್ಣ ಗೆರೆ ರಿಮ್ಮಿನಂಚಿನಿಂದ ಸುತ್ತಲೂ ಒಂದೇ ದೂರದಲ್ಲಿದೆಯೇ ನೋಡಿ. ಎಲ್ಲಾದರೂ ಒಳಗೆ ಸರಿದಿದ್ದರೆ ಬೀಡ್ ಅಲ್ಲಿ ಕೂತಿಲ್ಲ. ಸೋಪುನೀರು ಸುರಿದು ಗುಳ್ಳೆ ಪರೀಕ್ಷೆಯನ್ನು ಬೀಡಿಗೂ ವಾಲ್ವಿನ ಬುಡಕ್ಕೂ ಮಾಡಿ.

ಬ್ಯಾಲೆನ್ಸಿಗೆ ಆಕ್ಸಲ್ ದಂಡ, ಎರಡು ಕೋನು ಇರುವ ಸರಳ ಸ್ಟ್ಯಾಂಡ್ ಸಾಕು. ಹಳೆ ತೂಕಗಳನ್ನೆಲ್ಲ ಕಿತ್ತು ಶುರುಮಾಡಿ. ಚಕ್ರ ತಾನಾಗಿ ನಿಂತಾಗ ಮೇಲೆ ಬರುವುದು ಹಗುರ ಜಾಗ, ಅಲ್ಲಿ 5 ಗ್ರಾಮಿನ ತುಂಡುಗಳನ್ನು ಒಂದೊಂದಾಗಿ ಟೇಪಿನಲ್ಲಿ ಹಚ್ಚಿ ನೋಡಿ. ಎಲ್ಲಿ ನಿಲ್ಲಿಸಿದರೂ ನಿಂತರೆ ಮುಗಿಯಿತು. 50 ಗ್ರಾಮ್ ದಾಟುತ್ತಿದ್ದರೆ ಗಾಳಿ ಬಿಟ್ಟು ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿ. ರಿಮ್ಮನ್ನು ಸ್ಪಿರಿಟ್ಟಿನಲ್ಲಿ ಒರೆಸದೆ ತೂಕ ಅಂಟಿಸಿದರೆ ಮೊದಲ ಮಳೆಗೇ ಉದುರುತ್ತದೆ.

ಮರಳಿ ಜೋಡಣೆ

ಆಕ್ಸಲ್ಲಿಗೆ, ಸೀಲಿನ ತುಟಿಗೆ ತೆಳುವಾಗಿ ಗ್ರೀಸು. ಹಿಂದಿನ ಆಕ್ಸಲ್ ನಟ್ 108 ನ್ಯೂಟನ್ ಮೀಟರ್, ಹೊಸ ಸ್ಪ್ಲಿಟ್ ಪಿನ್. ಚೈನ್ ಸಡಿಲ ಸ್ವಿಂಗ್‌ಆರ್ಮಿನ ಮೇಲಿನ ಚೀಟಿಯಂತೆ. ಮುಂದೆ ಆಕ್ಸಲ್ ಬಿಗಿದ ಮೇಲೆ ಗಾಡಿ ನೆಲಕ್ಕಿಳಿಸಿ, ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಒತ್ತಿ, ಆಮೇಲಷ್ಟೇ ಕ್ಲ್ಯಾಂಪ್ ಬೋಲ್ಟ್ ಬಿಗಿಯಿರಿ. ಮೊದಲೇ ಬಿಗಿದರೆ ಫೋರ್ಕಿನ ಕಾಲುಗಳು ಓರೆ ನಿಂತು ಬಿಗಿತ ಬರುತ್ತದೆ. ಹೊರಡುವ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗುವವರೆಗೆ ಒತ್ತಿ; ಮರೆತರೆ ಮೊದಲ ಬ್ರೇಕಿನಲ್ಲಿ ಏನೂ ಸಿಗುವುದಿಲ್ಲ.

ಗಾಳಿ ಮುಂದೆ 32, ಹಿಂದೆ 36 ಪಿಎಸ್‌ಐ, ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ನೋಡಿದ್ದು. ಘಟ್ಟ ಹತ್ತಿದಾಗ ಗೇಜಿನ ಅಂಕಿ ಬದಲಾಗುವುದು ಸಹಜ. ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿರುವುದರಿಂದ ಹೊರಗಿನ ಗಾಳಿಯ ಒತ್ತಡ ಕಡಿಮೆ, ಗೇಜು 1 ಪಿಎಸ್‌ಐನಷ್ಟು ಹೆಚ್ಚು ತೋರಿಸುತ್ತದೆ. ತಣ್ಣಗಾದಾಗ ಉಲ್ಟಾ: ಪ್ರತಿ 10 ಡಿಗ್ರಿಗೆ ಒಂದೂವರೆಗಿಂತ ತುಸು ಹೆಚ್ಚು ಇಳಿಯುತ್ತದೆ. ಕಾರವಾರದ 30 ಡಿಗ್ರಿಯಲ್ಲಿ ತುಂಬಿಸಿದ 36, ಶಿರಸಿಯ ಡಿಸೆಂಬರ್ ಬೆಳಗಿನ 15 ಡಿಗ್ರಿಯಲ್ಲಿ ಸುಮಾರು 34 ಅಥವಾ 35 ತೋರಿಸಿದರೆ ಸೋರಿಕೆ ಎಂದು ಹೆದರಬೇಕಿಲ್ಲ.

ಮೊದಲ 160 ಕಿ.ಮೀ. ಜೋರು ಬ್ರೇಕು, ಜೋರು ವಾಲಿಕೆ, ಹಠಾತ್ ಥ್ರಾಟಲ್ ಬೇಡ ಎಂದು ಕವಾಸಾಕಿ ಹೇಳುತ್ತದೆ. ಹೊಸ ಟೈರಿನ ಮೇಲ್ಮೈ ನುಣ್ಣಗಿರುತ್ತದೆ, ಅದು ಸವೆದು ಒರಟಾಗಬೇಕು. ಇದಕ್ಕೆ ಶಿರಸಿಯಿಂದ ಬನವಾಸಿ ರಸ್ತೆ ಚೆನ್ನಾಗಿದೆ: ಘಟ್ಟವಿಲ್ಲ, ಸಾಧಾರಣ ತಿರುವುಗಳಿವೆ. ವಾಲಿಕೆಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದರೆ ನುಣುಪಿನ ಗೆರೆ ನಡುವಿನಿಂದ ಅಂಚಿಗೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಹೆದ್ದಾರಿಯಲ್ಲಿ ನೆಟ್ಟಗೆ 160 ಕಿ.ಮೀ. ಓಡಿಸಿದರೆ ನಡು ಮಾತ್ರ ತಯಾರಾಗುತ್ತದೆ, ಅಂಚು ಹೊಸದಾಗಿಯೇ ಉಳಿದು ಮೊದಲ ಘಟ್ಟದ ತಿರುವಿಗೆ ಜಾರುತ್ತದೆ.

ಆ ಓಟ ಮುಗಿದ ಮೇಲೆ ಆಕ್ಸಲ್ ನಟ್, ಕ್ಯಾಲಿಪರ್ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಮತ್ತೊಮ್ಮೆ, ತೂಕದ ತುಂಡುಗಳ ಮೇಲೆ ಕಣ್ಣು, ಚೈನ್ ಸಡಿಲ ಇನ್ನೊಮ್ಮೆ. ಗಾಳಿ ವಾರಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿಯುತ್ತಿದ್ದರೆ ಮೊದಲು ವಾಲ್ವ್, ಆಮೇಲೆ ಬೀಡ್ ನೋಡಿ. ಸೀಟಿನಡಿ ಪಂಕ್ಚರ್ ಬತ್ತಿ, ಸಣ್ಣ ಪಂಪು ಇರಲಿ. ಅರಬೈಲ್ ಘಟ್ಟದ ನಡುವೆ ಮೊಳೆ ಚುಚ್ಚಿದರೆ ಪಂಕ್ಚರ್ ಅಂಗಡಿ ದೂರ. ಬತ್ತಿ ಹಾಕುವುದು ನಡುಭಾಗದ ತೂತಿಗೆ ಮಾತ್ರ. ಊರು ಮುಟ್ಟುವವರೆಗೆ ನಿಧಾನ ಓಟ, ಆಮೇಲೆ ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸಬೇಕು. ಅಂಚಿನಲ್ಲಿ ಅಥವಾ ಬದಿಯಲ್ಲಿ ತೂತಾದರೆ ಟೈರನ್ನೇ ಬದಲಿಸಬೇಕು.